ಪರ್ಲಳ ತೋರುಬೆರಳು

ಆ ಶನಿವಾರ ಬೆಳಿಗ್ಗೆ ಚಹಾದ ಕಪ್ಪು ಎತ್ತುವಾಗ ಡೇವಿಡನಿಗೆ ತನ್ನ ಬಲಗೈಯ ಬಗ್ಗೆ ನಾಚಿಕೆಯಾಯಿತು. ಐದೂ ಬೆರಳು ಹೇಳಿದ ಮಾತು ಕೇಳುತ್ತಿದ್ದವು. ಕಪ್ಪಿನ ಹಿಡಿಕೆಯೊಳಗೆ ತೋರುಬೆರಳು ತಾನಾಗಿ ಹೋಗಿ ಕೊಕ್ಕೆಯಾಯಿತು, ಹೆಬ್ಬೆರಳು ಮೇಲಿನಿಂದ ಒತ್ತಿತು, ಉಳಿದವು ಸುಮ್ಮನೆ ಜೊತೆಗೆ ನಡೆದವು. ಹುಟ್ಟಿದಾಗಿನಿಂದ ನಡೆದುಬಂದ ಈ ಕೆಲಸವನ್ನು ಅವನು ಒಮ್ಮೆಯೂ ನಿಂತು ನೋಡಿರಲಿಲ್ಲ. ಈಗ ನಾಲ್ಕೈದು ತಿಂಗಳಿಂದ ಬೇರೆ ಏನೂ ಕಣ್ಣಿಗೆ ಬೀಳುತ್ತಿರಲಿಲ್ಲ. ಎದುರಿಗೆ ಅವನ ಹೆಂಡತಿ ಪರ್ಲ ಎಡಗೈಯಲ್ಲಿ ಕಪ್ಪು ಹಿಡಿದು ಕುಡಿಯುತ್ತಿದ್ದಳು. ಅವಳ ಬಲಗೈ ಮೇಜಿನ ಮೇಲಿತ್ತು. ಮಿಕ್ಕ ಬೆರಳುಗಳು ಹಗುರಾಗಿ ಮಡಚಿಕೊಂಡಿದ್ದವು, ತೋರುಬೆರಳೊಂದು ನೆಟ್ಟಗೆ ಚಾಚಿಕೊಂಡಿತ್ತು. ಅವಳು ಕುರ್ಚಿಯಲ್ಲಿ ಆ ಕಡೆ ವಾಲಿದರೆ ಅದು ಕಿಟಕಿಯನ್ನು ತೋರಿಸುತ್ತಿತ್ತು, ಈ ಕಡೆ ವಾಲಿದರೆ ಅವನನ್ನು. ಅವಳಿಗೆ ಅದರ ಪರಿವೆ ಇರಲಿಲ್ಲ. ಅವನೇ ತನ್ನ ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡ.

“ಮಧ್ಯಾಹ್ನಕ್ಕ ಭಾಲ್ಕಿಗಿ ಬರ್ತೀರಲ್ಲ?” ಪರ್ಲ ಕೇಳಿದಳು. “ಡಾಕ್ಟರ್ ಪ್ರಥಮೇಶ ನಿಮ್ಮನ್ನ ಕರ್ಕೊಂಡು ಬಾ ಅಂದಾರ. ಮತ್ತ ಕೊಯ್ಯೋದೋ ಬ್ಯಾಡೋ ಇವತ್ತ ಹೇಳ್ತಾರಂತ. ಆ ಇಂಜೆಕ್ಷನ್ ಸುದ್ದಿನೂ ನಿಮಗ ಕೇಳಬೇಕಂತ. ನಿಮ್ಮ ಮನಿಯವರದು ಅದೇ ವಿಷಯ ಅಲ್ಲೇನು, ಅಂದ್ರು.”

“ಬರ್ತೇನಿ.”

“ಲ್ಯಾಬಿನಾಗ ಕುಂತು ಮರತೀರಿ ಮತ್ತ.”

“ಬರ್ತೇನಿ ಅಂದೆನಲ್ಲ.”

ಆಗಿದ್ದಿಷ್ಟು. ಮಳೆಗಾಲದ ಒಂದು ಸಂಜೆ, ಬೀದರದ ಚಿದ್ರಿಯ ಈ ಮನೆಯಲ್ಲೇ, ಪರ್ಲ ಗಾಜಿನ ಬಾಟಲಿಯೊಳಗೆ ಕೈ ಹಾಕಿ ತೊಳೆಯುವಾಗ ಅದು ಒಡೆದು ತೋರುಬೆರಳಿನ ಬುಡದಲ್ಲಿ ಹೊಕ್ಕಿತು. ಬೆರಳನ್ನು ಮಡಚುವ ಸ್ನಾಯುರಜ್ಜು ಕತ್ತರಿಸಿಹೋಯಿತು. ಊರಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಡೇವಿಡನ ತಾಯಿ ಆನಂದಮ್ಮ ಚರ್ಚಿನಲ್ಲಿ ಪ್ರಾರ್ಥನೆಗೆ ಹೆಸರು ಕೊಡುವಾಗ ಸೊಸೆಯ ನರ ಕಡಿದಿದೆ ಎಂದೇ ಕೊಟ್ಟಿದ್ದಳು. ಪರ್ಲ ಭಾಲ್ಕಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಶನಿವಾರಕ್ಕೊಮ್ಮೆ ಅಲ್ಲಿಗೆ ಬರುವ ಪ್ರಥಮೇಶನೇ ಅವಳ ಬೆರಳಿಗೆ ಹೊಲಿಗೆ ಹಾಕಿದ. ಹೊಲಿಗೆ ನಿಂತಿತು, ಗಾಯ ಮಾಯಿತು, ಬೆರಳು ಮಾತ್ರ ಬಗ್ಗಲಿಲ್ಲ. ಹಸಿಗೂಸುಗಳ ಕೈಗೆ ಸೂಜಿ ಹಾಕಬೇಕಾದಾಗ ಇಡೀ ಆಸ್ಪತ್ರೆ ಪರ್ಲಳನ್ನು ಕರೆಯುತ್ತಿದ್ದ ಕಾಲವೊಂದಿತ್ತು. ಈಗ ಅವಳನ್ನು ಚೀಟಿ ಕೊಡುವ ಕೌಂಟರಿನಲ್ಲಿ ಕೂಡಿಸಿದ್ದರು. ಬೆರಳು ಬಗ್ಗದಿದ್ದರೆ ಏಪ್ರಿಲ್‌ನಿಂದ ಅಲ್ಲೇ ಕಾಯಂ ಎಂದು ಮೇಟ್ರನ್ ನಯವಾಗಿ ತಿಳಿಸಿದ್ದಳು. ಯಾಕೆ ಬಗ್ಗಲಿಲ್ಲ ಅನ್ನುವುದಕ್ಕೆ ಎಲ್ಲರ ಹತ್ತಿರವೂ ಒಂದೊಂದು ಕಾರಣವಿತ್ತು: ವಯಸ್ಸು, ಥಂಡಿ, ಯಾರದೋ ದೃಷ್ಟಿ, ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಸಕ್ಕರೆ ಕಾಯಿಲೆ. ನಿಜವಾದ ಕಾರಣ ತನಗೊಬ್ಬನಿಗೇ ಗೊತ್ತು ಎಂದು ಡೇವಿಡ ತಿಳಿದಿದ್ದ. 

ಒಳಗೆ ಆನಂದಮ್ಮ ಒಲೆಯ ಮೇಲೆ ಪಾಯಾ ಇಟ್ಟಿದ್ದಳು. ಆಡಿನ ಕಾಲನ್ನು ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಕುದಿಸಿದ ಆ ಸಾರು ಕುಡಿದರೆ ಕಡಿದ ನರ ಕೂಡುತ್ತದೆ ಎಂಬುದು ಅವಳ ನಂಬಿಕೆ. ಬೆರಳಿಗೆ ಹೊಲಿಗೆ ಬಿದ್ದ ದಿನದಿಂದ ಒಂದು ವಾರವೂ ತಪ್ಪಿಸಿರಲಿಲ್ಲ. ಒಮ್ಮೆ ಡೇವಿಡ ಲ್ಯಾಬಿಗೆಂದು ತಂದು ಫ್ರಿಜ್ಜಿನಲ್ಲಿಟ್ಟ ಆಡಿನ ಕಾಲುಗಳನ್ನೂ ಆಕೆ ತೊಳೆದು ಕುದಿಸಿಬಿಟ್ಟಿದ್ದಳು. ಅವನು ಸಿಡಿಮಿಡಿಗೊಂಡಾಗ, “ನೀ ಡಬ್ಬ್ಯಾಗ ಇಟ್ಟು ನೋಡ್ತಿ, ನಾ ಹೊಟ್ಟಿಗಿ ಹಾಕ್ತೇನಿ. ಯಾರದು ಛಲೋ ನೀನೇ ಹೇಳು,” ಅಂದಿದ್ದಳು. ಆಗ ಪರ್ಲ ಎಷ್ಟು ನಕ್ಕಿದ್ದಳೆಂದರೆ ಕೈಯ ಕಟ್ಟು ಹಿಡಿದುಕೊಂಡು ಗೋಡೆಗೆ ಒರಗಬೇಕಾಯಿತು. ಆ ನಗು ನೆನಪಾಗಿ ಡೇವಿಡನಿಗೆ ಈಗ ಸಂಕಟವಾಯಿತು. ಪರ್ಲ ಚೀಲ ಎಡ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟಳು. ಗೇಟಿನ ಚಿಲಕವನ್ನು ಅವಳು ಮೊಣಕೈಯಿಂದ ತಳ್ಳಿದ್ದನ್ನು ಅವನು ಕಿಟಕಿಯಿಂದ ನೋಡಿದ.

ಡೇವಿಡ ಪಶುವೈದ್ಯಕೀಯ ಕಾಲೇಜಿನಲ್ಲಿ ಸ್ನಾಯುರಜ್ಜುವಿನ ಕೋಶಗಳನ್ನು ಬೆಳೆಸುತ್ತಾನೆ. ಇದೇನು ಕೆಲಸ ಎಂದು ಕೇಳಿದವರಿಗೆ ತಿಳಿಸಿ ಹೇಳುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿದೆ. ನಿಜಾಮೋದ್ದೀನನ ಮಟನ್ ಅಂಗಡಿಯಿಂದ ಆಡಿನ ಕಾಲು ಬರುತ್ತದೆ. ಚರ್ಮ ಬಿಡಿಸಿದರೆ ಒಳಗೆ ಬೆಳ್ಳಗೆ ಹೊಳೆಯುವ ಹುರಿ. ಅದನ್ನು ಸಣ್ಣಗೆ ಹೆಚ್ಚಿ, ಗುಲಾಬಿ ಬಣ್ಣದ ದ್ರವದಲ್ಲಿ ಅದ್ದಿ, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಟ್ಟರೆ ಕೆಲವು ದಿನಗಳಲ್ಲಿ ತುಣುಕಿನಿಂದ ಕೋಶಗಳು ಒಂದೊಂದಾಗಿ ಹೊರಗೆ ತೆವಳುತ್ತವೆ. ಕೆಲವು ತಟ್ಟೆಗಳಿಗೆ ಅವನು ಗ್ರೋತ್ ಫ್ಯಾಕ್ಟರ್ ಹನಿಸುತ್ತಾನೆ. ಅದು ಗೊಬ್ಬರವಲ್ಲ, ಟಾನಿಕ್ಕೂ ಅಲ್ಲ. ಗಾಯವಾದಾಗ ಮೈ ತನ್ನ ಕೋಶಗಳಿಗೆ ತಾನೇ ಹೊರಡಿಸುವ ಹುಕುಮು. ಹೆಚ್ಚಾಗಿರಿ, ಎಳೆ ನೇಯಿರಿ, ತೂತು ತುಂಬಿರಿ ಎನ್ನುವ ಹುಕುಮು. ಅದು ಸಿಕ್ಕಿದ್ದೇ ತಡ, ಕೋಶಗಳು ಹಬ್ಬದ ಮುನ್ನಾದಿನದ ಬಜಾರಿನ ಹಾಗೆ ಗಿಜಿಗುಡತೊಡಗುತ್ತವೆ. ತೊಂದರೆ ಇಷ್ಟೇ, ಎಲ್ಲಿ ನಿಲ್ಲಬೇಕು, ಯಾವ ಕಡೆ ತಲೆ ಹಾಕಿ ಮಲಗಬೇಕು ಎಂಬುದು ಆ ಹುಕುಮಿನಲ್ಲಿ ಇರುವುದಿಲ್ಲ. ಅದನ್ನು ಹೇಳಿಕೊಡುವುದು ಎಳೆತ. ಹುರಿ ದಿನವೂ ಎಳೆಸಿಕೊಳ್ಳುತ್ತಿದ್ದರೆ ಕೋಶಗಳು ಎಳೆದ ದಿಕ್ಕಿಗೇ ಉದ್ದಕ್ಕೆ ಸಾಲಾಗುತ್ತವೆ. ಎಳೆತವಿಲ್ಲದಿದ್ದರೆ ಸಿಕ್ಕಸಿಕ್ಕ ಕಡೆ ಎಳೆ ಚೆಲ್ಲಿ, ಮಗ್ಗುಲಲ್ಲಿ ಇದ್ದುದಕ್ಕೆಲ್ಲ ಅಂಟಿಕೊಳ್ಳುತ್ತವೆ. ಗಾಯ ಮಾಯುತ್ತದೆ, ಆದರೆ ಹುರಿ ತಾನು ಜಾರಬೇಕಾದ ಕೊಳವೆಯೊಳಗೇ ಸಿಕ್ಕಿಬೀಳುತ್ತದೆ. ಮಾಯಿಸುವ ಹುಕುಮೇ ಅಂಟಿಸುವ ಹುಕುಮು. ಇದನ್ನೆಲ್ಲ ಡೇವಿಡ ಎಷ್ಟು ಸಲ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದನೆಂದರೆ, ವಿದ್ಯಾರ್ಥಿಗಳು ಹಿಂದಿನ ಬೆಂಚಿನಲ್ಲಿ ಅವನ ಕೈ ಆಡಿಸುವಿಕೆಯನ್ನು ಅಣಕಿಸುವಷ್ಟು ಕಲಿತಿದ್ದರು.

ಲ್ಯಾಬಿನ ಅಟೆಂಡರ್ ಕೈಲಾಶ ಬಾಗಿಲು ತೆರೆದಿಟ್ಟಿದ್ದ. ಹೊಲಿಗೆ ಮಷೀನಿನ ಮೋಟರು ಕೂಡಿಸಿ ಅವರಿಬ್ಬರೂ ಸೇರಿ ಮಾಡಿದ ಯಂತ್ರ ಮೂಲೆಯಲ್ಲಿ ಟಕ್ ಟಕ್ ಎನ್ನುತ್ತ ರಬ್ಬರಿನ ತೆಳು ಹಾಳೆಯೊಂದನ್ನು ಎಳೆಯುತ್ತಿತ್ತು, ಬಿಡುತ್ತಿತ್ತು. ಡೇವಿಡ ಆ ಹಾಳೆಯ ಕೋಶಗಳನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಿದ. ಬಿತ್ತಿದ ಸಾಲಿನ ಹಾಗೆ ಒಂದೇ ದಿಕ್ಕಿಗೆ ಮಲಗಿದ್ದವು. ಆಮೇಲೆ ಎಳೆಯದೆ ಬಿಟ್ಟ ತಟ್ಟೆ ತೆಗೆದುಕೊಂಡ. ಅದಕ್ಕೂ ಅದೇ ಗ್ರೋತ್ ಫ್ಯಾಕ್ಟರು, ಅಷ್ಟೇ ಹನಿ. ಅಲ್ಲಿ ಕೋಶಗಳು ಒಂದರ ಮೇಲೊಂದು ಬಿದ್ದು ದಪ್ಪ ಪದರವಾಗಿ, ಪದರ ತನ್ನನ್ನು ತಾನೇ ಬಿಗಿದುಕೊಂಡು ಅಂಚಿನಿಂದ ಎದ್ದು, ಹಂಚಿನ ಮೇಲೆ ಬಿಟ್ಟು ಮರೆತ ರೊಟ್ಟಿಯ ಹಾಗೆ ಮುದುಡಿತ್ತು.

“ಸರ್, ಇದು ಹಾಳಾತೇನ್ರಿ?” ಕೈಲಾಶ ಹೆಗಲ ಹಿಂದಿನಿಂದ ಇಣುಕಿದ.

“ಹಾಳಾಗಿಲ್ಲ. ಬಿಟ್ರ ಹಿಂಗೇ ಆಗ್ತದಂತ ಗೊತ್ತೇ ಇತ್ತು.”

ಹೇಳಿದ ಮೇಲೆ ತನ್ನ ಮಾತು ತನ್ನ ಕಿವಿಗೆ ಬಿತ್ತು. ಗೊತ್ತೇ ಇತ್ತು. ಡೇವಿಡ ಕಣ್ಣನ್ನು ಗಾಜಿನಿಂದ ತೆಗೆಯಲಿಲ್ಲ, ತೆಗೆದರೆ ಕೈಲಾಶ ಮುಖ ನೋಡುತ್ತಾನೆ. ಗೊತ್ತಿದ್ದವನು ಅವತ್ತು ಮಂಚದ ಅಂಚಿನಲ್ಲಿ ಕೂತು ಏನು ಮಾಡಿದ? ಹೊಲಿಗೆ ಬಿದ್ದು ಕೆಲವೇ ದಿನಗಳಾಗಿದ್ದವು. ಮುಂಗೈಯಿಂದ ಬೆರಳ ತುದಿಯವರೆಗೆ ಹಿಂಬದಿಯಲ್ಲಿ ಆಧಾರದ ಪಟ್ಟಿ ಕಟ್ಟಿ ಕಳಿಸಿದ್ದರು. ಭಾಲ್ಕಿಯ ಫಿಸಿಯೋಥೆರಪಿಸ್ಟ್ ಸಾನಿಕಾ, ಪಟ್ಟಿ ಬಿಚ್ಚದೆಯೇ ಎಡಗೈಯಿಂದ ಆ ಬೆರಳನ್ನು ಮೆಲ್ಲಗೆ ಅಂಗೈ ಕಡೆ ಮಡಚಿ ಬಿಡಬೇಕು, ತಾಸಿಗೊಮ್ಮೆ ಮಾಡಬೇಕು ಎಂದು ತೋರಿಸಿಕೊಟ್ಟಿದ್ದಳು. ಪರ್ಲ ಮಾಡಲು ಹೋದಳು. ಅವಳ ಮೇಲ್ದುಟಿಯ ಮೇಲೆ ಬೆವರು ಒಡೆಯಿತು, ಹಲ್ಲಿನ ನಡುವೆ ಉಸಿರು ಸೀಳಿಕೊಂಡು ಒಳಗೆ ಹೋಯಿತು. ಅಷ್ಟಕ್ಕೇ ಡೇವಿಡ ಅವಳ ಎಡಗೈಯನ್ನು ಗಟ್ಟಿಯಾಗಿ ಹಿಡಿದ. “ಬ್ಯಾಡ, ಬಿಡು. ಹೊಲಿಗಿ ಹರೀತದ. ಅಲುಗಾಡಸಬ್ಯಾಡ.” ಆಮೇಲೆ ತನ್ನ ಭಯಕ್ಕೆ ಶಾಸ್ತ್ರದ ಅಂಗಿ ತೊಡಿಸಿದ. ಕೋಶಗಳು ಈಗ ತಾನೇ ಕಾಲೂರಿರುತ್ತವೆ, ತಟ್ಟೆ ಸ್ವಲ್ಪ ಅಲುಗಿದರೂ ಕಿತ್ತುಬರುತ್ತವೆ, ನಾನು ದಿನಾ ನೋಡುತ್ತೇನೆ, ಇದು ನನ್ನ ವಿಷಯ ಎಂದ. ಸುಳ್ಳೇನಲ್ಲ, ಮೊದಲ ಒಂದೆರಡು ದಿನದ ಕೋಶಗಳು ಹಾಗೇ ಇರುತ್ತವೆ. ಅರ್ಧ ನಿಜವನ್ನು ಅವನು ಇಡಿಯಾಗಿ ಬಡಿಸಿದ. ಪರ್ಲ ಅವನ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡಿ, “ಆತು ಬಿಡ್ರಿ. ನಿಮಗ ಗೊತ್ತದಲ್ಲ,” ಅಂದಳು. ಅದನ್ನು ಅವನು ನಂಬಿಕೆ ಎಂದುಕೊಂಡ. ಅವಳ ಆ ನೋಟದಿಂದ ಅವನಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಬಸ್ಸು ಬೀದರ ಬಿಟ್ಟ ಮೇಲೆ ಬಹಳ ಹೊತ್ತು ರಸ್ತೆಯ ಎರಡೂ ಕಡೆ ಕೆಂಪು ಮಣ್ಣೇ. ಡೇವಿಡ ಕಿಟಕಿ ಪಕ್ಕ ಕೂತು ಮುಂದಿನ ಸೀಟಿನ ಕಂಬಿ ಹಿಡಿದ ಜನರ ಬೆರಳುಗಳನ್ನು ನೋಡುತ್ತಿದ್ದ. ಪ್ರಥಮೇಶನ ಎದುರು ಇವತ್ತು ಹೇಳಿಬಿಡಬೇಕು. ತಪ್ಪು ಇವಳದಲ್ಲ, ನಾನೇ ಬೇಡ ಅಂದಿದ್ದು, ಎರಡು ಸಾಲು ಸಾಕು. ಬಾಯಿಪಾಠ ಮಾಡಿದ ಹಾಗೆ ತುಟಿ ಅಲ್ಲಾಡಿಸಿದ. ಪಕ್ಕದ ಮುದುಕ ಪ್ರಾರ್ಥನೆ ಎಂದುಕೊಂಡು ಕಾಲು ಸರಿಸಿ ಕೂತ. ಆದರೆ ಮನಸ್ಸು ಆ ಎರಡು ಸಾಲಿನ ಹತ್ತಿರ ಹೋದಾಗಲೆಲ್ಲ ಜಾರಿ ಊಟದ ತಟ್ಟೆಯ ಕಡೆ ಹೋಗುತ್ತಿತ್ತು. ಆ ಪಟ್ಟಿ ಕಟ್ಟಿದ ವಾರಗಳಲ್ಲಿ ಅವನು ದಿನವೂ ಪರ್ಲಳಿಗೆ ಉಣಿಸಿದ್ದ. ಎಡಗೈಯಿಂದ ಚಮಚ ಹಿಡಿದು ಉಣ್ಣಬಲ್ಲಳು, ಆದರೂ ಉಣಿಸಿದ್ದ. ಲ್ಯಾಬಿನಿಂದ ಹೊತ್ತಿಗೆ ಮುಂಚೆ ಬರುತ್ತಿದ್ದ, ಕೈ ತೊಳೆದು ಅವಳ ಎದುರು ಕೂಡುತ್ತಿದ್ದ, ಅನ್ನಕ್ಕೆ ಬೇಳೆ ಕಲಸಿ ತುತ್ತು ಮಾಡುತ್ತಿದ್ದ. ಸಾಕು ಅಂದರೆ ಇನ್ನೊಂದು ಅನ್ನುತ್ತಿದ್ದ. ಉಣ್ಣುತ್ತ ಪರ್ಲ ಆಸ್ಪತ್ರೆಯ ಕಥೆ ಹೇಳುತ್ತಿದ್ದಳು: ಸೂಜಿ ಕಂಡು ಮೂರ್ಛೆ ಹೋದ ಪೈಲ್ವಾನ, ಅವಳಿ ಮಕ್ಕಳ ಹೆಸರನ್ನು ದಿನಾ ಅದಲುಬದಲು ಮಾಡುವ ಅಪ್ಪ. ಮದುವೆಯಾಗಿ ಇಷ್ಟು ವರ್ಷ ಈ ಹೆಂಗಸು ಇಷ್ಟು ಚೆನ್ನಾಗಿ ಕಥೆ ಹೇಳುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಆ ವಾರಗಳಲ್ಲಿ ಅವನು ಸುಖವಾಗಿದ್ದ. ಬೆರಳೊಳಗೆ ಹುರಿ ಅಂಟಿಕೊಳ್ಳುತ್ತಿದ್ದ ದಿನಗಳೂ ಅವೇ ಆಗಿದ್ದವು.

ಔರಾದದ ಊಟವನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಪರ್ಲಳ ಅಕ್ಕನ ಮೊಮ್ಮಗುವಿಗೆ ದೀಕ್ಷಾಸ್ನಾನ. ಚರ್ಚಿನ ಅಂಗಳದ ಶಾಮಿಯಾನದಲ್ಲಿ ಬಿರಿಯಾನಿ. ಸಾಲಿನಲ್ಲಿ ಕೂತ ಪರ್ಲ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಎಡಗೈಯಲ್ಲಿ ಉಣ್ಣಲು ಸಂಕೋಚಪಡುತ್ತಿದ್ದಳು. ಡೇವಿಡ ಗಂಡಸರ ಸಾಲಿನಿಂದ ಎದ್ದು ಬಂದ. ಎಲ್ಲರೂ ನೋಡುತ್ತಿದ್ದಂತೆ ಅವಳ ಪಕ್ಕ ಮಂಡಿಯೂರಿ ಕೂತು ಮೂಳೆಯಿಂದ ಮಾಂಸ ಬಿಡಿಸಿ ಅವಳ ಬಾಯಿಗಿಟ್ಟ. ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. “ಗಂಡ ಅಂದ್ರ ಹಿಂಗಿರಬೇಕು ನೋಡ್ರವ್ವ,” ಎಂದು ಯಾರೋ ಅಂದರು. ಪರ್ಲಳ ಕುತ್ತಿಗೆ ಕೆಂಪಾಯಿತು. ಅವಳ ಅಕ್ಕ ಮಾತ್ರ ನಗಲಿಲ್ಲ. ಸೌಟು ಹಿಡಿದು ನಿಂತವಳು, “ಕೈಗಿ ಏನರೆ ಕಸರತ್ತು ಹೇಳಿಲ್ಲೇನು ನಿನಗ?” ಅಂತ ಕೇಳಿದಳು. ಡೇವಿಡನೇ ಉತ್ತರ ಕೊಟ್ಟ: “ಈಗ ಬ್ಯಾಡ್ರಿ ಅಕ್ಕಾ. ಆರಾಮ ಇರಬೇಕು.” ಅಷ್ಟು ಜನರ ಎದುರು ಅವನ ದನಿ ಸಭಿಕರ ಮುಂದೆ ಮಾತಾಡುವವನ ಹಾಗಿತ್ತು. ಯಾರೂ ಮತ್ತೆ ಕೇಳಲಿಲ್ಲ, ಓದಿದವನ ಮಾತಿಗೆ ಎದುರಾಡುವುದು ಆ ಮಂದಿಯ ಪದ್ಧತಿಯಲ್ಲ. ಬಸ್ಸಿನ ಕಿಟಕಿಯಾಚೆ ಮಣ್ಣು ಯಾವಾಗಲೋ ಕಪ್ಪಾಗಿತ್ತು, ತೊಗರಿ ಹೂ ಕಳಚಿ ಕಾಯಿ ಕಟ್ಟಿತ್ತು, ಕಂಡಕ್ಟರ್ ಭಾಲ್ಕಿ ಭಾಲ್ಕಿ ಎಂದು ಕೂಗುತ್ತಿದ್ದ.

ಆಸ್ಪತ್ರೆಯ ಕೌಂಟರಿನಲ್ಲಿ ಪರ್ಲ ಪೆನ್ನನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಸಿಕ್ಕಿಸಿಕೊಂಡು ಚೀಟಿ ಬರೆಯುತ್ತಿದ್ದಳು. ತೋರುಬೆರಳು ಕಾಗದದ ಮೇಲೆ ಎತ್ತರದಲ್ಲಿ ನಿಂತಿತ್ತು. ಸಾಲಿನಲ್ಲಿದ್ದ ಒಬ್ಬ ಹೆಂಗಸು, “ಸಿಸ್ಟರ್, ಜರಾ ಲಗು ಬರೀರಲ್ಲ,” ಎಂದು ಗೊಣಗಿದಳು. ಪರ್ಲ ತಲೆ ಎತ್ತದೆ ಬರೆದು ಮುಗಿಸಿದಳು. ಡೇವಿಡನನ್ನು ಕಂಡು ಬೇರೆಯವಳನ್ನು ಕೂಡಿಸಿ ಎದ್ದು ಬಂದಳು. ಇಬ್ಬರೂ ಕಾರಿಡಾರಿನ ಕೊನೆಯ ಕೋಣೆಗೆ ಹೋದರು. ಸಾನಿಕಾ ಕುಳಿತಿದ್ದಳು. ವಯಸ್ಸಿನಲ್ಲಿ ಡೇವಿಡನ ವಿದ್ಯಾರ್ಥಿಗಳಷ್ಟೇ, ಆದರೆ ಅವಳು ಕೈ ಹಿಡಿದು ಮಾತಾಡಿಸುವ ರೀತಿಗೆ ದೊಡ್ಡ ದೊಡ್ಡವರೂ ಮಕ್ಕಳಾಗುತ್ತಿದ್ದರು. ಪ್ಲಾಸ್ಟಿಕ್ಕಿನ ಕೋನಮಾಪಕವನ್ನು ಪರ್ಲಳ ಬೆರಳಿಗೆ ಹಚ್ಚಿ, “ಬಗ್ಗಸ್ರಿ ಸಿಸ್ಟರ್,” ಅಂದಳು. ಪರ್ಲಳ ಮುಂಗೈಯ ನರಗಳು ಉಬ್ಬಿದವು, ಹುಬ್ಬು ಗಂಟಿಕ್ಕಿತು. ಮಣಿಕಟ್ಟಿನವರೆಗೂ ಎಲ್ಲ ದುಡಿಯಿತು. ಬೆರಳು ಬುಡದಲ್ಲಿ ಒಂದಿಷ್ಟು ವಾಲಿ ಅಲ್ಲಿಗೇ ನಿಂತಿತು.

“ಹೋದ ಸಲಾನೂ ಇಷ್ಟೇ ಇತ್ತು,” ಸಾನಿಕಾ ಮಾಪಕ ಕೆಳಗಿಟ್ಟಳು. “ಪಟ್ಟಿ ಇದ್ದಾಗ ನಾ ಹೇಳಿದ್ದು ಮಾಡಿದ್ರೇನು ಖರೇ ಹೇಳ್ರಿ?”

ಡೇವಿಡ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಈಗ, ಅಂದುಕೊಂಡ.

“ಮಾಡೀನ್ರಿ,” ಅಂದಳು ಪರ್ಲ.

“ತಾಸಿಗೊಮ್ಮೆ?”

“ತಾಸಿಗೊಮ್ಮೆ ಆಗಲಿಲ್ರಿ. ನೆನಪಾದಾಗ ಮಾಡೀನಿ.”

“ಅದೇ ನೋಡ್ರಿ. ನರ್ಸ್ ಇದ್ದವರೇ ಮಾತು ಕೇಳಂಗಿಲ್ಲ. ಬ್ಯಾರೆಯವರಿಗಿ ಹೇಳೋದು ಒಂದು, ತಾವು ಮಾಡೋದು ಒಂದು.” ಸಾನಿಕಾ ಬೇಸರದಿಂದ ತಲೆಯಾಡಿಸಿ ಡೇವಿಡನ ಕಡೆ ತಿರುಗಿದಳು. “ಸರ್, ನೀವರೆ ಮನ್ಯಾಗ ಹೇಳಬೇಕಿತ್ತಲ್ರಿ. ನಾ ಓದೋವಾಗ ನೀವು ನಮ್ಮ ಕಾಲೇಜಿಗಿ ಬಂದು ಕೊಟ್ಟ ಲೆಕ್ಚರ್ ಕೇಳೀನಿ. ಎಳೆತ ಇಲ್ಲಂದ್ರ ಕೋಶಕ್ಕ ದಿಕ್ಕೇ ಗೊತ್ತಾಗಂಗಿಲ್ಲ ಅಂದಿದ್ರಿ. ಅವತ್ತಿನಿಂದ ನನ್ನ ಎಲ್ಲಾ ಪೇಶಂಟರಿಗಿ ಅದೇ ಮಾತು ಹೇಳ್ತೇನಿ.”

ಡೇವಿಡ ಸುಮ್ಮನೆ ತಲೆಯಾಡಿಸಿದ. ಆ ತಲೆಯಾಡಿಸುವಿಕೆ ಹೌದು ಎಂದೋ, ಅವಳ ತಪ್ಪೇ ಎಂದೋ, ಯಾರಿಗೆ ಬೇಕಾದ ಹಾಗೆ ಅರ್ಥವಾಗುವಂತಿತ್ತು. ಹೆಂಡತಿ ಬೈಸಿಕೊಳ್ಳುವುದನ್ನು ನೋಡುತ್ತ ಕೂತ ಗಂಡಸು ತನ್ನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ತೂರಿಸಿಕೊಂಡ. ಬೆಳಗಿನಿಂದ ಬಾಯಿಪಾಠ ಮಾಡಿದ ಎರಡು ಸಾಲಿನಲ್ಲಿ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ತಾನು ಹೇಡಿ ಎಂದು ಅವನಿಗೆ ಸ್ಪಷ್ಟವಾಗಿ ಅನಿಸಿತು, ಹಾಗೆ ಅನಿಸಿದ್ದರಿಂದ ಏನೂ ಹಗುರಾಗಲಿಲ್ಲ.

ಪ್ರಥಮೇಶ ಬಂದವನೇ ನಿಂತುಕೊಂಡೇ ಬೆರಳನ್ನು ತಿರುವಿ ನೋಡಿದ. ಅವಸರದ ಮನುಷ್ಯ, ಆದರೆ ಒರಟನಲ್ಲ. ಹೊಲಿಗೆ ಗಟ್ಟಿಯಾಗಿದೆ, ಹುರಿ ಕೂಡಿದೆ, ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡಿದೆ ಅಷ್ಟೇ ಎಂದ. ಬೆರಳನ್ನು ಮತ್ತೆ ತೆರೆದು ಅಂಟಿದ್ದನ್ನು ಬಿಡಿಸಬಹುದು. ಆದರೆ ಅವತ್ತಿನಿಂದಲೇ, ಗಾಯ ಹಸಿ ಇದ್ದಾಗಲೇ ಬಗ್ಗಿಸಲು ಶುರು ಮಾಡಬೇಕು. ನೋಯುತ್ತದೆ, ಅಳು ಬರುತ್ತದೆ, ಬಿಡುವಂತಿಲ್ಲ. ಈ ಸಲ ಬಿಟ್ಟರೆ ಮೂರನೆಯ ಸಲ ತಾನು ಮುಟ್ಟುವುದಿಲ್ಲ ಎಂದು ಪರ್ಲಳಿಗೆ ಹೇಳಿ, ಡೇವಿಡನ ಹೆಗಲ ಮೇಲೆ ಕೈಯಿಟ್ಟ.

“ನಿಮ್ಮ ಸಬ್ಜೆಕ್ಟ್ ಸರ್ ಇದು. ಅವರದೇ ರಕ್ತ ತಗೊಂಡು, ಪ್ಲೇಟ್‌ಲೆಟ್ ಬ್ಯಾರೆ ಮಾಡಿ, ಅದರಾಗಿನ ಗ್ರೋತ್ ಫ್ಯಾಕ್ಟರ್ ಬೆರಳಿಗಿ ಇಂಜೆಕ್ಷನ್ ಕೊಟ್ರ ಹ್ಯಾಂಗ? ಕೆಲವರು ಕೊಡ್ತಾರ. ನನಗ ಪೂರಾ ಭರವಸಾ ಇಲ್ಲ. ನೀವು ಕೊಡು ಅಂದ್ರ ಕೊಡ್ತೇನಿ.”

ಪರ್ಲ ಗಂಡನ ಮುಖ ನೋಡಿದಳು. ಡೇವಿಡನಿಗೆ ಬೆಳಿಗ್ಗೆ ನೋಡಿದ ಎರಡೂ ತಟ್ಟೆ ಕಣ್ಣ ಮುಂದೆ ಬಂದವು. ಕೊಡಿ ಅನ್ನುವುದು ಎಷ್ಟು ಸುಲಭ. ಕೊಟ್ಟರೆ ತಾನು ಏನೋ ಮಾಡಿದ ಹಾಗಾಗುತ್ತದೆ. ಬೆರಳು ಬಗ್ಗಿದರೆ ತನ್ನ ವಿದ್ಯೆ, ಬಗ್ಗದಿದ್ದರೆ ಅವಳ ಹಣೆಬರಹ.

“ಬ್ಯಾಡ್ರಿ,” ಅಂದ.  “ಕೊಟ್ಟು ಮಾಯಸೋದು ಏನೂ ಉಳಿದಿಲ್ಲ. ಮಾಯೋದು ಮಾಯೇದ. ಇನ್ನೂ ಹುಕುಮ್ ಕೊಟ್ರ ಮತ್ತಷ್ಟು ಅಂಟಬಹುದು. ಇಲ್ಲಿ ಕಡಿಮಿ ಬಿದ್ದಿದ್ದು ಎಳೆತ. ಅದು ಯಾಕ ಕಡಿಮಿ ಬಿತ್ತಂದ್ರ…”

“ನನ್ನ ಆಲಸ್ಯ, ಡಾಕ್ಟರ್,” ಪರ್ಲ ನಡುವೆ ಬಾಯಿ ಹಾಕಿದಳು. “ಈ ಸಲ ಹಂಗ ಆಗಂಗಿಲ್ಲ. ನೀವು ತಾರೀಖು ಕೊಡ್ರಿ.”

ಕ್ರಿಸ್‌ಮಸ್ ಕಳೆದ ಮೇಲಿನ ಶನಿವಾರ ಎಂದು ಗೊತ್ತಾಯಿತು. ಪ್ರಥಮೇಶ ಮುಂದಿನ ಕೋಣೆಗೆ ಹೋದ.

ಆಸ್ಪತ್ರೆಯ ಹಿಂದೆ, ತೊಳೆದ ಹಾಸಿಗೆ ಬಟ್ಟೆ ಒಣಗಹಾಕುವ ಜಾಗದಲ್ಲಿ ಸಿಮೆಂಟಿನ ಕಟ್ಟೆಯೊಂದಿತ್ತು. ಪರ್ಲ ಊಟದ ಹೊತ್ತಿಗೆ ಅಲ್ಲಿ ಕೂಡುತ್ತಾಳೆಂಬುದು ಡೇವಿಡನಿಗೆ ಅವತ್ತೇ ತಿಳಿದದ್ದು. ಬಿಳಿ ಚಾದರಗಳು ಗಾಳಿಗೆ ಮೆಲ್ಲಗೆ ಅಲುಗುತ್ತಿದ್ದವು, ಚಳಿಗಾಲದ ಬಿಸಿಲು ಹಿತವಾಗಿತ್ತು. ಅವಳು ಎಡಗೈಯಿಂದ ಡಬ್ಬಿಯ ಮುಚ್ಚಳ ತೆಗೆದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ. ರೊಟ್ಟಿ ಮುರಿಯಲು ಡೇವಿಡನ ಕೈ ತಾನಾಗಿ ಡಬ್ಬಿಯ ಕಡೆ ಹೋಯಿತು. ಪರ್ಲ ಡಬ್ಬಿಯನ್ನು ತನ್ನ ಆಚೆ ಮಗ್ಗುಲಿಗೆ ಸರಿಸಿದಳು. ಕೋಪದಿಂದಲ್ಲ, ಒಲೆಯ ಹತ್ತಿರದಿಂದ ಏನನ್ನೋ ಈಚೆ ಸರಿಸಿದಷ್ಟು ಸಹಜವಾಗಿ.

“ಪರ್ಲ, ಅಲ್ಲಿ ನೀ ಯಾಕ ಹಂಗ ಅಂದಿ? ನಾ ಹೇಳೋನಿದ್ದೆ. ಅಲುಗಾಡಸಬ್ಯಾಡ ಅಂದವ ನಾನೇ…”

“ಗೊತ್ತದ.”

“ನೀ ನನ್ನ ಮಾತು ನಂಬಿ ಬೆರಳು ಕಳಕೊಂಡಿ.”

“ನಾ ಯಾವಾಗ ನಂಬಿದ್ನಿರಿ?” ಪರ್ಲ ರೊಟ್ಟಿಯ ತುಂಡನ್ನು ಎಡಗೈಯಲ್ಲೇ ಪಲ್ಲೆಗೆ ಅದ್ದಿ ಬಾಯಿಗೆ ಹಾಕಿಕೊಂಡು, ಅಗಿದು ನುಂಗಿ ಮಾತಾಡಿದಳು. “ಹದಿನೆಂಟು ವರ್ಷ ಆತು ನರ್ಸ್ ಆಗಿ. ಇಂಥ ಕೈ ಎಷ್ಟು ನೋಡೀನಿ. ಆಡಸದಿದ್ರ ಬೆರಳು ಹಿಡೀತದಂತ ವಾರ್ಡಿನಾಗ ನೆಲಾ ಒರಸಾಕಿಗೂ ಗೊತ್ತದ. ನೀವು ಡಿಶ್ಶು, ಸೆಲ್ಲು ಅಂತ ಹೇಳ್ಕೋತ ಕುಂತಿದ್ರಿ. ನಾ ಕೇಳ್ಕೋತ ಕುಂತೆ.”

ಡೇವಿಡ ಅವಳ ಮುಖ ನೋಡಿದ. ಇಷ್ಟು ತಿಂಗಳು ಎದೆಯ ಮೇಲೆ ಹೊತ್ತು ತಿರುಗಿದ ಕಲ್ಲು ತನ್ನೊಬ್ಬನದೇ ಎಂದುಕೊಂಡಿದ್ದ. ಅದೂ ತನ್ನದಲ್ಲವಾಯಿತು. ಆ ಮಂಚದ ಅಂಚು, ತುಸು ಹೆಚ್ಚೇ ಹೊತ್ತು ನಿಂತ ಆ ನೋಟ, “ನಿಮಗ ಗೊತ್ತದಲ್ಲ” ಎಂಬ ಮಾತು ಎಲ್ಲವೂ ಜಾಗ ಬದಲಿಸಿ ಕೂತವು.

“ಮತ್ತ ಸುಮ್ಮನ ಯಾಕಿದ್ದಿ? ಅವತ್ತೇ ಯಾಕ ಹೇಳಲಿಲ್ಲ?”

 ಒಂದು ಚಾದರ ಗಾಳಿಗೆ ಜಾರಿ ಅರ್ಧ ನೆಲಕ್ಕೆ ಬಿದ್ದಿತ್ತು. ಪರ್ಲ ಎದ್ದು ಹೋಗಿ ಅದನ್ನು ಹಗ್ಗದ ಮೇಲೆ ಎಳೆದು ಹಾಕಿ ಬಂದು ಕೂತಳು.

“ಹೇಳಿದ್ರ ನೀವು ಎದ್ದು ಲ್ಯಾಬಿಗಿ ಹೋಗ್ತಿದ್ರಿ.”

ಡೇವಿಡ ಇಲ್ಲ ಅನ್ನಬಹುದಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ಅವನ ಕಣ್ಣು ತುಂಬಿ ಬಂತು. ಪರ್ಲ ಅದನ್ನು ನೋಡಿಯೂ ನೋಡದವಳ ಹಾಗೆ ಡಬ್ಬಿಯಲ್ಲಿ ಉಳಿದ ಪಲ್ಲೆಯನ್ನು ರೊಟ್ಟಿಯಿಂದ ಒರೆಸಿದಳು.

“ತಪ್ಪು ನಂದೂ ಅದ,” ಅಂದಳು. “ದಿನಾ ನಾಳಿಯಿಂದ ಆಡಸ್ತೇನಿ ಅಂತಿದ್ದೆ. ದಿನಾ ಸಂಜಿಗಿ ನೀವು ಕೈ ತೊಳಕೊಂಡು ಮುಂದ ಬಂದು ಕೂಡ್ತಿದ್ರಿ. ಇನ್ನೊಂದು ದಿನ ಅಂತಿದ್ದೆ. ಈಗ ಕೌಂಟರಿನ್ಯಾಗ ಕುಂತೀನಿ. ಪರವಾ ಇಲ್ಲ. ಆದ್ರ ಅಲ್ಲೇ ಸಾಯಲಾರೆ ನಾ. ಕೂಸುಗೋಳ ಕೈ ನನಗ ಬೇಕು.”

“ಈ ಸಲ ನಾನೇ ಆಡಸ್ತೇನಿ,” ಡೇವಿಡ ಅವಸರದಿಂದ ಹೇಳಿದ. “ರಜಾ ಹಾಕ್ತೇನಿ. ತಾಸ್ ತಾಸಿಗಿ ನಾನೇ ಬಗ್ಗಸ್ತೇನಿ. ನೀ ಅತ್ರೂ ಬಿಡಂಗಿಲ್ಲ.”

“ನಾ ಔರಾದಕ್ಕ ಅಕ್ಕನ ಮನಿಗಿ ಹೋಗ್ತೇನಿ. ಸಾನಿಕಾ ಮೇಡಂ ವಾರಕ್ಕೆರಡು ದಿನ ಅಲ್ಲಿಗೂ ಬರ್ತಾರಂತ, ಕೇಳೀನಿ. ಉಳಿದ ದಿನ ಅಕ್ಕ ಮಾಡಸ್ತಾಳ. ಅಕ್ಕಗ ಕರುಣಾ ಜರಾ ಕಡಿಮಿ.”

“ನಾ ಇದ್ದೇನಲ್ಲ. ನಾ ಯಾಕ ಬ್ಯಾಡ?”

ಪರ್ಲ ಡಬ್ಬಿಯ ಮುಚ್ಚಳ ಹಾಕಿ ಅಂಗೈಯಿಂದ ಒತ್ತಿ ಮುಚ್ಚಿದಳು.

“ನೀವು ಇದ್ರ ಮತ್ತ ಉಣಸ್ತೀರಿ. ನಾ ಮತ್ತ ಉಣ್ತೇನಿ.”

ಒಳಗಿನಿಂದ ಯಾರೋ ಸಿಸ್ಟರ್ ಎಂದು ಕರೆದರು. ಪರ್ಲ ಸೀರೆ ಸರಿಮಾಡಿಕೊಂಡು ಎದ್ದಳು. ಡೇವಿಡ ಕೂತಲ್ಲಿಂದಲೇ ಅವಳ ಬಲಗೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

“ಆದಿತ್ಯವಾರಕ್ಕೊಮ್ಮೆ ಬರ್ಲೇನು?” ಕೇಳಿದ.

ಪರ್ಲ ಯೋಚಿಸಿದಳು. ಅವಳ ಮುಖದಲ್ಲಿ ಆಸೆ ಇತ್ತು, ಅದನ್ನು ಅವನು ಕಂಡ, ಅವನು ಕಂಡದ್ದು ಅವಳಿಗೂ ತಿಳಿಯಿತು.

“ಬರ್ರಿ,” ಅಂದಳು. “ಊಟ ಆದ ಮ್ಯಾಲ ಬರ್ರಿ.”